ಸೇರದೆ ಹೋದ ಒಂದು ಶಬ್ದ: ಅಮೆರಿಕದ ಶಾಸನಗಳ ಪೂರ್ವಚರಿತ್ರೆ

ಶಾಸನವೆಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಕಲ್ಲಿನ ಮೇಲೆಯೋ ತಾಮ್ರದ ತಗಡಿನ ಮೇಲೆಯೋ ಕೊರೆಯಿಸಿದ ಬರಹವೂ ಶಾಸನವೇ. ರಾಜ್ಯವನ್ನಾಳುವವರು ಪ್ರಜೆಗಳಿಗೆ ವಿಧಿಸಿದ ಕಟ್ಟಳೆಯೂ ಶಾಸನವೇ. ಮೊದಲನೆಯದನ್ನು ಓದುವ ವಿದ್ವಾಂಸನ ಕಷ್ಟವು ನಮ್ಮ ವಾಚಕರಿಗೆ ತಿಳಿಯದುದಲ್ಲ. ಅಕ್ಷರ ಸವೆದಿರುತ್ತದೆ; ಸಾಲು ಮುಕ್ಕಾಗಿರುತ್ತದೆ; ದಾನವನ್ನು ಕೊಟ್ಟ ಅರಸನ ಮನಸ್ಸಿನಲ್ಲಿ ಏನಿದ್ದಿತು, ಒಕ್ಕಣೆಯನ್ನು ಬರೆದ ಸೇನಬೋವನು ಯಾವ ಶಬ್ದವನ್ನು ಮೊದಲು ಬರೆದು ಆಮೇಲೆ ಹೊಡೆದುಹಾಕಿದನು ಎಂಬುದನ್ನು ತಿಳಿಯುವುದಕ್ಕೆ ಸಾಧನವೇ ಇಲ್ಲ. ಕಲ್ಲು ಹೇಳಿದಷ್ಟೇ ನಮಗೆ ದಕ್ಕತಕ್ಕದ್ದು.

ಎರಡನೆಯ ಬಗೆಯ ಶಾಸನವನ್ನು ಓದುವವನ ಕಷ್ಟವು ಇದಕ್ಕೆ ತೀರ ವಿರುದ್ಧವಾದುದು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಆಯಾ ಸಂಸ್ಥಾನದ ಶಾಸನಗಳು ಬೇರೆ, ದೇಶಕ್ಕೆಲ್ಲ ಅನ್ವಯಿಸುವ ಫೆಡರಲ್ ಶಾಸನಗಳು ಬೇರೆ. ಈ ಎರಡನೆಯವನ್ನು ಮಾಡತಕ್ಕ ಸಭೆಗೆ ಕಾಂಗ್ರೆಸ್ಸು ಎಂದು ಹೆಸರು. ಪ್ರತಿನಿಧಿ ಸಭೆ, ಸೆನೆಟ್ ಎಂಬ ಎರಡು ಮನೆಗಳು ಅದಕ್ಕೆ ಸೇರಿವೆ. ಅಲ್ಲಿ ಹುಟ್ಟುವ ಶಾಸನವು ಬರಿಗೈಯಲ್ಲಿ ಹುಟ್ಟುವುದಿಲ್ಲ. ಕರಡುಗಳು, ಸಮಿತಿಗಳ ವರದಿಗಳು, ಸಾಕ್ಷಿಗಳ ಹೇಳಿಕೆಗಳು, ಸದಸ್ಯರ ಭಾಷಣಗಳು, ಬಿದ್ದುಹೋದ ತಿದ್ದುಪಡಿಗಳು — ಇವೆಲ್ಲ ಅಚ್ಚಾಗಿ ಸಂಪುಟಗಳಲ್ಲಿ ಉಳಿದಿರುತ್ತವೆ. ಎರಡು ಮೂರು ಪುಟದ ಶಾಸನದ ಹಿಂದೆ ಕೆಲವೊಮ್ಮೆ ಸಾವಿರಾರು ಪುಟಗಳ ರಾಶಿ ನಿಂತಿರುತ್ತದೆ. ಈ ರಾಶಿಯೇ ಶಾಸನದ ಪೂರ್ವಚರಿತ್ರೆ. ಶಾಸನದ ಮಾತು ಸಂದಿಗ್ಧವಾದಾಗ, ಅದನ್ನು ಮಾಡಿದವರ ಇಂಗಿತವೇನೆಂದು ಈ ಕಾಗದಗಳಲ್ಲಿ ಹುಡುಕುವುದು ಅಲ್ಲಿಯ ವಕೀಲರಿಗೂ ನ್ಯಾಯಾಧೀಶರಿಗೂ ನೂರಕ್ಕೂ ಹೆಚ್ಚು ವರ್ಷಗಳಿಂದ ಬಂದ ಅಭ್ಯಾಸ.

ಹೀಗೆ ಹುಡುಕುವುದರಿಂದ ಎಷ್ಟು ಲಾಭ, ಅರ್ಧಕ್ಕೆ ಹುಡುಕಿ ನಿಲ್ಲಿಸುವುದರಿಂದ ಎಷ್ಟು ಅಪಾಯ ಎಂಬುದನ್ನು ಒಂದೇ ಒಂದು ಮೊಕದ್ದಮೆ ಚೆನ್ನಾಗಿ ತೋರಿಸಿಕೊಡುತ್ತದೆ. ಅದರ ತೀರ್ಪು ಹೊರಬಿದ್ದದ್ದು ೧೮೯೨ರಲ್ಲಿ. ಅದರಲ್ಲಿ ಅಡಗಿದ್ದ ತಪ್ಪನ್ನು ವಿದ್ವಾಂಸರೊಬ್ಬರು ವಿಸ್ತಾರವಾಗಿ ಬಯಲಿಗೆ ತಂದದ್ದು ೧೯೯೮ರಲ್ಲಿ. ನಡುವಿನ ನೂರಕ್ಕೂ ಹೆಚ್ಚು ವರ್ಷವೂ ಆ ತಪ್ಪನ್ನು ತೋರಿಸಬಲ್ಲ ಪುಸ್ತಕಗಳು ಗ್ರಂಥಾಲಯಗಳ ಕಪಾಟಿನಲ್ಲೇ ಇದ್ದವು.

೧

ನ್ಯೂಯಾರ್ಕ್ ನಗರದ ಹೋಲಿ ಟ್ರಿನಿಟಿ ಚರ್ಚಿನವರು ೧೮೮೭ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿದ್ದ ವಾಲ್‌ಪೋಲ್ ವಾರೆನ್ ಎಂಬ ಪಾದ್ರಿಯೊಡನೆ ಒಂದು ಕರಾರು ಮಾಡಿಕೊಂಡರು. ಅವನು ಸಮುದ್ರ ದಾಟಿ ಬಂದು ಅವರ ಚರ್ಚಿನ ಧರ್ಮಗುರುವಾಗಿ ಸೇವೆ ಸಲ್ಲಿಸತಕ್ಕದ್ದೆಂಬುದು ಕರಾರು. ಪಾದ್ರಿ ಬಂದನು; ಕೆಲಸಕ್ಕೆ ನಿಂತನು. ಇದರಲ್ಲಿ ಅಪರಾಧವೇನೆಂದು ವಾಚಕರು ಕೇಳಬಹುದು. ಆದರೆ ಅದಕ್ಕೆ ಎರಡು ವರ್ಷ ಹಿಂದೆ, ೧೮೮೫ರ ಫೆಬ್ರವರಿ ೨೬ರಂದು, ಅಧ್ಯಕ್ಷ ಚೆಸ್ಟರ್ ಆರ್ಥರನ ಅಂಕಿತ ಬಿದ್ದ ಒಂದು ಶಾಸನವು ಹೊರದೇಶದವರನ್ನು ಮುಂಚಿತವಾಗಿ ಕರಾರು ಮಾಡಿಕೊಂಡು ಕರೆತರಿಸುವುದನ್ನು ನಿಷೇಧಿಸಿದ್ದಿತು. ಯಾವುದೇ ಬಗೆಯ ದುಡಿಮೆಗಾಗಲಿ ಸೇವೆಗಾಗಲಿ ಹಾಗೆ ಕರೆತರಿಸಿದವರು ಪ್ರತಿಯೊಂದು ಅಪರಾಧಕ್ಕೂ ಒಂದು ಸಾವಿರ ಡಾಲರು ದಂಡ ತೆರಬೇಕಾಗಿದ್ದಿತು.

ಸರಕಾರವು ಚರ್ಚಿನ ಮೇಲೆ ದಂಡಕ್ಕಾಗಿ ದಾವೆ ಹೂಡಿತು. ಕೆಳಗಿನ ನ್ಯಾಯಾಲಯವು ಶಾಸನದ ಅಕ್ಷರವನ್ನು ಹಿಡಿದು ಚರ್ಚಿನವರದೇ ತಪ್ಪೆಂದಿತು. ಧರ್ಮಗುರುವಿನ ಕೆಲಸವು ಸೇವೆಯಲ್ಲವೆನ್ನಲು ಬರುವುದೆ? ಅಲ್ಲದೆ ಶಾಸನವೇ ಕೆಲವರಿಗೆ ವಿನಾಯಿತಿ ಕೊಟ್ಟಿದ್ದಿತು. ನಟರು, ಕಲಾವಿದರು, ಉಪನ್ಯಾಸಕರು, ಗಾಯಕರು, ಮನೆಯಾಳುಗಳು — ಇವರು ಕರಾರಿನ ಮೇಲೆ ಬರಬಹುದಾಗಿದ್ದಿತು. ಪಾದ್ರಿಯ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಹಾಡುವವನಿಗೆ ಬಾಗಿಲು ತೆರೆದು ಪ್ರಾರ್ಥನೆ ಮಾಡಿಸುವವನಿಗೆ ಮುಚ್ಚಿದ್ದು ವಿಚಿತ್ರವೇ ಸರಿ. ಆದರೆ ಪಟ್ಟಿಯನ್ನು ಬರೆದವರು ಬರೆದದ್ದು ಹಾಗೆ. ೧೮೯೧ರಲ್ಲಿ ಕಾಂಗ್ರೆಸ್ಸು ಶಾಸನವನ್ನು ತಿದ್ದಿ ಧರ್ಮಗುರುಗಳನ್ನೂ ವಿನಾಯಿತಿಯ ಪಟ್ಟಿಗೆ ಸೇರಿಸಿತಾದರೂ, ಅಷ್ಟರಲ್ಲಿ ಆರಂಭವಾಗಿಹೋಗಿದ್ದ ಈ ಮೊಕದ್ದಮೆಗೆ ಅದರಿಂದ ಪ್ರಯೋಜನವಾಗಲಿಲ್ಲ.

ಈ ಶಾಸನ ಹುಟ್ಟಿದ ಸಂದರ್ಭವನ್ನು ಸ್ವಲ್ಪ ನೋಡಬೇಕು. ಅಮೆರಿಕದ ಗಣಿಗಳೂ ಕಾರಖಾನೆಗಳೂ ಬೆಳೆಯುತ್ತಿದ್ದ ಕಾಲವದು. ಕೂಲಿಯವರು ಹೆಚ್ಚು ಕೂಲಿ ಕೇಳಿ ಕೆಲಸ ನಿಲ್ಲಿಸಿದರೆ, ಧಣಿಗಳು ಯೂರೋಪಿನಿಂದ ಬಡವರನ್ನು ಹಡಗಿನ ಖರ್ಚು ಕೊಟ್ಟು ಕರೆತರಿಸಿ, ಕಡಿಮೆ ಕೂಲಿಗೆ ದುಡಿಸಿಕೊಳ್ಳುತ್ತಿದ್ದರು. ಇದನ್ನು ತಡೆಯಬೇಕೆಂದು ನೈಟ್ಸ್ ಆಫ್ ಲೇಬರ್ ಎಂಬ ಕಾರ್ಮಿಕ ಸಂಘದವರು ಒತ್ತಾಯಪಡಿಸುತ್ತಿದ್ದರು. ಮಸೂದೆಯನ್ನು ಮಂಡಿಸಿದವನು ಒಹಾಯೋ ಸಂಸ್ಥಾನದ ಪ್ರತಿನಿಧಿ ಮಾರ್ಟಿನ್ ಫೊರಾನ್. ಇವನು ಮೊದಲು ಪೀಪಾಯಿ ಮಾಡುವವರ ಸಂಘದ ಮುಖಂಡನಾಗಿದ್ದವನು. ಶಾಸನಕ್ಕೆ ಇವನ ಹೆಸರೇ ರೂಢಿಯಾಯಿತು. ಪ್ರತಿನಿಧಿ ಸಭೆಯ ಸಮಿತಿಯು ತನ್ನ ವರದಿಯಲ್ಲಿ ಹೀಗೆ ಕರೆತಂದವರ ದೈನ್ಯವನ್ನು ಬಣ್ಣಿಸಿತು. ಅವರು ಗುಡಿಸಲುಗಳಲ್ಲಿ ವಾಸಿಸುವರು, ಒರಟು ಆಹಾರವನ್ನುಂಡು ಬದುಕುವರು, ಊರಿನ ಕೂಲಿಯ ದರವು ತಿಳಿಯದಿರಲೆಂದು ಅವರನ್ನು ಊರಿನವರೊಡನೆ ಬೆರೆಯಗೊಡುವುದಿಲ್ಲ ಎಂಬುದು ಅದರ ಸಾರಾಂಶ. ಆ ವರದಿಯಲ್ಲಿ ಮರುಕವೂ ಇದೆ, ಪರಕೀಯರ ವಿಷಯವಾದ ತಾತ್ಸಾರವೂ ಇದೆ, ಎರಡನ್ನೂ ಮುಚ್ಚಿಡಬೇಕಾದುದಿಲ್ಲ.

೨

ಮೊಕದ್ದಮೆಯು ಅಪೀಲಿನಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತು. ೧೮೯೨ರ ಫೆಬ್ರವರಿ ೨೯ರಂದು ನ್ಯಾಯಮೂರ್ತಿ ಡೇವಿಡ್ ಬ್ರೂಯರನು ಎಲ್ಲ ನ್ಯಾಯಾಧೀಶರ ಪರವಾಗಿ ತೀರ್ಪನ್ನಿತ್ತನು. ಇವನು ಮಿಷನರಿಯೊಬ್ಬನ ಮಗ; ಏಷ್ಯಾ ಮೈನರಿನ ಸ್ಮಿರ್ನಾ ಪಟ್ಟಣದಲ್ಲಿ ಹುಟ್ಟಿದವನು. ಚರ್ಚು ಮಾಡಿದ ಕೆಲಸವು ಶಾಸನದ ಅಕ್ಷರದೊಳಗೆ ಬರುತ್ತದೆಂಬುದನ್ನು ಅವನು ಒಪ್ಪಿಕೊಂಡನು. ಆದರೂ ಅಕ್ಷರದೊಳಗೆ ಬಂದದ್ದೆಲ್ಲ ಶಾಸನದ ಆಶಯದೊಳಗೆ ಬರಬೇಕೆಂಬ ನಿಯಮವಿಲ್ಲವೆಂದನು. ಶಾಸನದ ಶೀರ್ಷಿಕೆ, ಅದು ತೊಲಗಿಸಹೊರಟ ಕೇಡು, ಅದನ್ನು ಮಾಡಿದವರ ಮುಂದಿದ್ದ ವಿಷಯ — ಇವೆಲ್ಲವೂ ಕೂಲಿಯವರನ್ನು ಕುರಿತದ್ದೇ ಹೊರತು ಪಂಡಿತರನ್ನೂ ಪಾದ್ರಿಗಳನ್ನೂ ಕುರಿತದ್ದಲ್ಲವೆಂದು ವಾದಿಸಿದನು. ತೀರ್ಪಿನ ಉತ್ತರಾರ್ಧದಲ್ಲಿ, ಕೊಲಂಬಸನ ಸನದಿನಿಂದ ಮೊದಲುಮಾಡಿ ಹಳೆಯ ಸನ್ನದುಗಳನ್ನು ಉದಾಹರಿಸಿ, ಅಮೆರಿಕವು ಕ್ರೈಸ್ತ ರಾಷ್ಟ್ರವೆಂದೂ ಧರ್ಮಗುರುವಿನ ಬರವನ್ನು ಅಂಥ ರಾಷ್ಟ್ರದ ಸಭೆಯು ಅಪರಾಧವೆಂದು ಎಣಿಸಿರಲಾರದೆಂದೂ ಹೇಳಿದನು. ಆ ಮಾತಿನ ಮೇಲೆ ನಡೆದಿರುವ ವಾದವಿವಾದ ಬೇರೆಯೇ ಒಂದು ಕಥೆ.

ನಮಗೆ ಪ್ರಕೃತವಾದದ್ದು ಅವನು ಕೊಟ್ಟ ಇನ್ನೊಂದು ಆಧಾರ. ಸೆನೆಟ್ಟಿನ ಶಿಕ್ಷಣ ಮತ್ತು ಕಾರ್ಮಿಕ ಸಮಿತಿಯು ಈ ಮಸೂದೆಯ ಮೇಲೆ ಬರೆದ ವರದಿಯನ್ನು ಅವನು ತೀರ್ಪಿನಲ್ಲಿ ಎತ್ತಿಕೊಟ್ಟನು. ಆ ವರದಿಯ ತಾತ್ಪರ್ಯವಿಷ್ಟು: ದುಡಿಮೆ, ಸೇವೆ ಎಂಬ ಶಬ್ದಗಳ ಹಿಂದೆ ದೈಹಿಕ ಎಂಬ ವಿಶೇಷಣವನ್ನು ಸೇರಿಸಿದರೆ ಚೆನ್ನಾಗಿತ್ತು, ಆದರೆ ತಿದ್ದಲು ಹೊರಟರೆ ಈ ಅಧಿವೇಶನ ಮುಗಿಯುವುದರೊಳಗೆ ಮಸೂದೆಯು ಅಂಗೀಕಾರವಾಗದೆ ಹೋದೀತು, ಸೇರಿಸದಿದ್ದರೂ ಮುಂದೆ ಓದುವವರು ಹಾಗೆಯೇ ಅರ್ಥಮಾಡುವರೆಂಬ ನಂಬಿಕೆಯಿಂದ ಇದ್ದಂತೆಯೇ ಒಪ್ಪಿಸಿದ್ದೇವೆ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಇನ್ನೇನು ಬೇಕು? ಸಭಿಕರ ಮನಸ್ಸಿನಲ್ಲಿದ್ದ ಶಬ್ದವೊಂದು ಹೊತ್ತಿಲ್ಲದುದರಿಂದ ಕಾಗದದ ಮೇಲೆ ಬರಲಿಲ್ಲ. ನ್ಯಾಯಾಧೀಶನು ಅದನ್ನು ತುಂಬಿ ಓದಿದನು. ಚರ್ಚು ಗೆದ್ದಿತು. ಶಾಸನದ ಪೂರ್ವಚರಿತ್ರೆಯನ್ನು ಶೋಧಿಸಬೇಕೆನ್ನುವವರಿಗೆಲ್ಲ ಈ ತೀರ್ಪು ಮೇಲುಪಂಕ್ತಿಯಾಯಿತು.

೩

ಬ್ರೂಯರನ ಸಾಕ್ಷ್ಯವನ್ನು ಪರೀಕ್ಷಿಸುವುದಕ್ಕೆ ಮೊದಲು, ಇಂಥ ಸಾಕ್ಷ್ಯಗಳು ಎಲ್ಲಿ ಹುಟ್ಟುತ್ತವೆ, ಎಲ್ಲಿ ಸಿಕ್ಕುತ್ತವೆ ಎಂಬುದನ್ನು ಹೇಳಬೇಕು. ಸದಸ್ಯನೊಬ್ಬನು ಮಸೂದೆಯನ್ನು ಮಂಡಿಸುತ್ತಲೇ ಅದಕ್ಕೆ ಒಂದು ಸಂಖ್ಯೆ ಬೀಳುತ್ತದೆ. ಆಮೇಲೆ ಅದು ಸಮಿತಿಗೆ ಹೋಗುತ್ತದೆ. ಸಮಿತಿಯು ಬೇಕಾದರೆ ಸಾಕ್ಷಿಗಳನ್ನು ಕರೆಯಿಸಿ ವಿಚಾರಿಸುತ್ತದೆ. ಮಸೂದೆಯನ್ನು ಸಾಲು ಸಾಲಾಗಿ ತಿದ್ದುತ್ತದೆ. ಕೊನೆಗೆ ವರದಿಯೊಡನೆ ಸಭೆಗೆ ಒಪ್ಪಿಸುತ್ತದೆ. ಸಭೆಯಲ್ಲಿ ಚರ್ಚೆಯೂ ಮತದಾನವೂ ನಡೆದಮೇಲೆ ಮಸೂದೆಯು ಇನ್ನೊಂದು ಮನೆಗೆ ಹೋಗಿ ಅಲ್ಲಿಯೂ ಇದೇ ದಾರಿಯನ್ನು ತುಳಿಯಬೇಕು. ಎರಡು ಮನೆಗಳ ಪಾಠಗಳು ಬೇರೆಬೇರೆಯಾದರೆ, ಅನೇಕವೇಳೆ ಎರಡರ ಸದಸ್ಯರೂ ಕೂಡಿದ ಸಂಧಾನ ಸಮಿತಿಯು ಅವನ್ನು ಒಂದುಗೂಡಿಸುತ್ತದೆ. ಕಡೆಯಲ್ಲಿ ಅಧ್ಯಕ್ಷನ ಅಂಕಿತ.

ಶೋಧಕನು ನಡೆಯತಕ್ಕದ್ದು ಇದಕ್ಕೆ ವಿಲೋಮವಾಗಿ. ಅವನ ಕೈಯಲ್ಲಿರುವುದು ಮುಗಿದ ಶಾಸನ. ಅದು ಸ್ಟಾಚ್ಯೂಟ್ಸ್ ಅಟ್ ಲಾರ್ಜ್ ಎಂಬ ಸಂಪುಟಮಾಲೆಯಲ್ಲಿ ಕಾಲಕ್ರಮದಲ್ಲಿ ಅಚ್ಚಾಗಿರುತ್ತದೆ. ನಮ್ಮ ಫೊರಾನ್ ಶಾಸನವು ಅದರ ೨೩ನೆಯ ಸಂಪುಟದಲ್ಲಿದೆ. ಅಲ್ಲಿಂದ ಮಸೂದೆಯ ಸಂಖ್ಯೆಯನ್ನು ಕಂಡುಹಿಡಿಯಬೇಕು. ಆ ಸಂಖ್ಯೆಯೇ ಮುಂದಿನ ಬೀಗಗಳಿಗೆಲ್ಲ ಕೀಲಿಕೈ. ಸಂಖ್ಯೆ ದೊರೆತಮೇಲೆ ಮಸೂದೆಯ ಬೇರೆಬೇರೆ ಪಾಠಗಳನ್ನು ತಂದು ಪಕ್ಕಪಕ್ಕದಲ್ಲಿಟ್ಟು, ಹಸ್ತಪ್ರತಿಗಳ ಪಾಠಾಂತರಗಳನ್ನು ನೋಡುವ ಸಂಪಾದಕನಂತೆ, ಯಾವ ಶಬ್ದ ಯಾವಾಗ ಬಂದಿತು, ಯಾವುದು ಯಾವಾಗ ಹೋಯಿತು ಎಂದು ನೋಡಬೇಕು. ಸಮಿತಿಗಳ ವರದಿಗಳು ಸೀರಿಯಲ್ ಸೆಟ್ ಎಂಬ ಮಹಾಮಾಲೆಯಲ್ಲಿವೆ. ೧೮೧೭ರಲ್ಲಿ ಆರಂಭವಾದ ಕಾಂಗ್ರೆಸ್ಸಿನ ಕಾಗದಗಳಿಂದ ಈ ಮಾಲೆ ಮೊದಲಾಗುತ್ತದೆ. ಅಚ್ಚಾಗದೆ ಉಳಿದ ಕಾಗದಗಳಿಗಾಗಿ ವಾಷಿಂಗ್ಟನ್ನಿನ ರಾಷ್ಟ್ರೀಯ ದಫ್ತರಖಾನೆಗೆ ಹೋಗಬೇಕು.

ಇನ್ನು ಭಾಷಣಗಳು. ಪ್ರತಿಯೊಂದು ಮನೆಯೂ ತನ್ನ ನಡಾವಳಿಯ ದಿನಚರಿಯನ್ನು ಇಡಬೇಕೆಂದು ಅಮೆರಿಕದ ಸಂವಿಧಾನವೇ ವಿಧಿಸಿದೆ. ಆದರೆ ದಿನಚರಿಯಲ್ಲಿ ಮತಗಳೂ ನಿರ್ಣಯಗಳೂ ಇರುತ್ತವೆಯೇ ಹೊರತು ಆಡಿದ ಮಾತುಗಳಿರುವುದಿಲ್ಲ. ಮೊದಲ ಕೆಲವು ವರ್ಷಗಳಲ್ಲಿ ಸೆನೆಟ್ಟು ಬಾಗಿಲನ್ನು ಮುಚ್ಚಿಕೊಂಡೇ ಕೂಡುತ್ತಿದ್ದಿತು. ೧೭೮೯ರಿಂದ ೧೮೨೪ರವರೆಗಿನ ಚರ್ಚೆಗಳು ಈಗ ಆನಲ್ಸ್ ಆಫ್ ಕಾಂಗ್ರೆಸ್ ಎಂಬ ಹೆಸರಿನಲ್ಲಿ ಸಿಕ್ಕುತ್ತವೆಯಾದರೂ, ಅವು ಹತ್ತಾರು ವರ್ಷಗಳ ಮೇಲೆ ವೃತ್ತಪತ್ರಿಕೆಗಳು ಮೊದಲಾದವುಗಳಿಂದ ಆಯ್ದು ಕೂಡಿಸಿದವು. ಆಮೇಲೆ ರಿಜಿಸ್ಟರ್ ಆಫ್ ಡಿಬೇಟ್ಸ್, ಕಾಂಗ್ರೆಷನಲ್ ಗ್ಲೋಬ್ ಎಂಬುವು ಬಂದುವು. ೧೮೭೩ರಿಂದ ಸರಕಾರದ ಮುದ್ರಣಾಲಯವೇ ಕಾಂಗ್ರೆಷನಲ್ ರೆಕಾರ್ಡನ್ನು ಅಚ್ಚುಮಾಡುತ್ತ ಬಂದಿದೆ.

ರೆಕಾರ್ಡು ಎಂದಮಾತ್ರಕ್ಕೆ ಆಡಿದ ಮಾತು ಆಡಿದಂತೆ ಅದರಲ್ಲಿದೆಯೆಂದು ತಿಳಿಯಬಾರದು. ಸದಸ್ಯರು ತಮ್ಮ ಭಾಷಣವನ್ನು ಆಮೇಲೆ ತಿದ್ದಬಹುದು, ಬೆಳಸಬಹುದು. ಸಭೆಯಲ್ಲಿ ಆಡದ ಭಾಷಣವನ್ನೂ ಬರೆದುಕೊಟ್ಟು ಸೇರಿಸಬಹುದು. ಲೂಸಿಯಾನಾದ ಪ್ರತಿನಿಧಿ ಹೇಲ್ ಬಾಗ್ಸನು ೧೯೭೨ರ ಅಕ್ಟೋಬರ್ ೧೬ರಂದು ಅಲಾಸ್ಕಾದಲ್ಲಿ ವಿಮಾನದೊಡನೆ ಕಣ್ಮರೆಯಾದನು; ವಿಮಾನವು ಇಂದಿಗೂ ಸಿಕ್ಕಿಲ್ಲ. ಆದರೆ ಅದೇ ತಿಂಗಳ ೧೮ನೆಯ ದಿನದ ರೆಕಾರ್ಡಿನಲ್ಲಿ ಅವನು ಸಭೆಯಲ್ಲಿ ನಿಂತು ಆ ವರ್ಷದ ಶಾಸನಗಳನ್ನು ವಿವರಿಸಿ ಭಾಷಣ ಮಾಡಿದಂತೆ ಅಚ್ಚಾಗಿದೆ! ಮುಂಚೆಯೇ ಬರೆದಿಟ್ಟ ಭಾಷಣವನ್ನು ಯಾರೋ ಯಥಾಪ್ರಕಾರ ಒಪ್ಪಿಸಿದ್ದರು. ೧೯೭೮ರಿಂದ ಹೀಗೆ ಆಡದೆ ಸೇರಿಸಿದ ಭಾಷಣಗಳಿಗೆ ಬೇರೆ ಗುರುತು ಹಾಕುವ ಪದ್ಧತಿಯನ್ನು ತಂದರು. ಆದಕಾರಣ ನ್ಯಾಯಾಲಯಗಳು ಒಬ್ಬೊಬ್ಬ ಸದಸ್ಯನ ಭಾಷಣಕ್ಕಿಂತ ಸಮಿತಿಯ ವರದಿಗೇ ಹೆಚ್ಚಿನ ಬೆಲೆ ಕೊಡುತ್ತ ಬಂದಿವೆ. ಮಸೂದೆಯನ್ನು ಕೈಯಲ್ಲಿ ಹಿಡಿದು ಕೆಲಸಮಾಡಿದವರ ಮಾತು ಅದು, ಉಳಿದವರು ಅದನ್ನು ನಂಬಿ ಮತ ಕೊಟ್ಟಿರುವರು ಎಂಬುದು ಅವರ ಎಣಿಕೆ.

೪

ಹಾಗಾದರೆ ಬ್ರೂಯರನು ಹಿಡಿದದ್ದು ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯವನ್ನೇ ಆಯಿತಷ್ಟೆ. ಆ ವರದಿಯು ಸುಳ್ಳಲ್ಲ. ಅವನು ಅದನ್ನು ತಿರುಚಲೂ ಇಲ್ಲ. ತಪ್ಪಿದ್ದದ್ದು ಬೇರೆ ಕಡೆಯಲ್ಲಿ.

ಒಂದೊಂದು ಕಾಂಗ್ರೆಸ್ಸಿನ ಆಯುಸ್ಸು ಎರಡು ವರ್ಷ. ಅದರೊಳಗೆ ಅಧಿವೇಶನಗಳು ಒಂದಕ್ಕಿಂತ ಹೆಚ್ಚು. ಮೊದಲನೆಯ ಅಧಿವೇಶನದಲ್ಲಿ ಮುಗಿಯದೆ ಉಳಿದ ಮಸೂದೆಯು ಸಾಯುವುದಿಲ್ಲ, ಎರಡನೆಯದರಲ್ಲಿ ಮುಂದುವರಿಯುತ್ತದೆ. ಪ್ರತಿನಿಧಿ ಸಭೆಯು ಫೊರಾನ್ ಮಸೂದೆಯನ್ನು ೧೮೮೪ರ ಜೂನಿನಲ್ಲಿ ಅಂಗೀಕರಿಸಿತು. ಸೆನೆಟ್ ಸಮಿತಿಯು ಮೇಲಿನ ವರದಿಯನ್ನು ಒಪ್ಪಿಸಿದ್ದು ಆ ಅಧಿವೇಶನದ ಕಡೆಯ ದಿನಗಳಲ್ಲಿ. ಹೊತ್ತಿಲ್ಲ, ಹೊತ್ತಿಲ್ಲ ಎಂದು ಸಮಿತಿಯು ಅವಸರಪಟ್ಟದ್ದು ನಿಜ. ಆದರೆ ಅವಸರಪಟ್ಟರೂ ಮಸೂದೆಯು ಆಗ ಅಂಗೀಕಾರವಾಗಲಿಲ್ಲ. ಜುಲೈ ೭ಕ್ಕೆ ಅಧಿವೇಶನ ಮುಗಿದುಹೋಯಿತು. ಮಸೂದೆಯು ಎರಡನೆಯ ಅಧಿವೇಶನಕ್ಕೆ ನಿಂತಿತು. ಸೆನೆಟ್ಟು ಅದನ್ನು ಚರ್ಚಿಸಿ ಅಂಗೀಕರಿಸಿದ್ದು ೧೮೮೫ರ ಫೆಬ್ರವರಿಯಲ್ಲಿ. ನಡುವೆ ಏಳು ತಿಂಗಳು! ಶಬ್ದವನ್ನು ಸೇರಿಸಲು ಹೊತ್ತಿರಲಿಲ್ಲವೆಂಬ ಕಾರಣವು ಅಲ್ಲಿಗೆ ಬಿದ್ದುಹೋಯಿತು. ಎರಡನೆಯ ಅಧಿವೇಶನದಲ್ಲಿ ಮಸೂದೆಗೆ ಬೇರೆ ತಿದ್ದುಪಡಿಗಳು ಆದವು. ದೈಹಿಕ ಎಂಬ ಶಬ್ದ ಮಾತ್ರ ಸೇರಲಿಲ್ಲ.

ಅಷ್ಟೇ ಅಲ್ಲ. ಆ ಫೆಬ್ರವರಿಯ ಚರ್ಚೆಯಲ್ಲಿ ಅಲಬಾಮಾದ ಸೆನೆಟರ್ ಜಾನ್ ಮಾರ್ಗನ್ನನು ವಿನಾಯಿತಿಯ ಪಟ್ಟಿಯನ್ನು ಹಿಡಿದು ಆಕ್ಷೇಪಿಸಿದನು: ಕೆಲವು ವೃತ್ತಿಯವರನ್ನು ಬಿಟ್ಟು ಇತರರನ್ನು ಕಟ್ಟುವುದು ಭೇದವಲ್ಲವೆ? ಮಸೂದೆಯನ್ನು ನಡೆಯಿಸುತ್ತಿದ್ದವನು ಅದೇ ಸಮಿತಿಯ ಅಧ್ಯಕ್ಷನಾದ ಹೆನ್ರಿ ಬ್ಲೇರ್. ಅಂಥವರನ್ನೂ ಹೀಗೆ ಕರಾರಿನ ಮೇಲೆ ತರಿಸುವ ಸಂಭವವಿದ್ದರೆ ಮಸೂದೆಯು ಅವರಿಗೂ ಅನ್ವಯಿಸುವುದು, ಬೇಕಾದರೆ ಇನ್ನೂ ತಿದ್ದಬೇಕಾದೀತು ಎಂಬ ಅರ್ಥದ ಉತ್ತರವನ್ನು ಅವನು ಕೊಟ್ಟನು. ವರದಿಯನ್ನು ಒಪ್ಪಿಸಿದ ಸಮಿತಿಯ ಮುಖ್ಯಸ್ಥನೇ ಏಳು ತಿಂಗಳ ಮೇಲೆ ಆಡಿದ ಮಾತಿದು. ಬ್ರೂಯರನ ತೀರ್ಪಿನಲ್ಲಿ ಇದರ ಸುಳಿವೇ ಇಲ್ಲ. ಅವನು ನೋಡಿದ್ದು ರೆಕಾರ್ಡಿನ ೧೫ನೆಯ ಸಂಪುಟವನ್ನು. ಈ ಮಾತು ಇರುವುದು ೧೬ನೆಯದರಲ್ಲಿ.

ಇದನ್ನೆಲ್ಲ ವಿಸ್ತಾರವಾಗಿ ಬರೆದು ತೋರಿಸಿದವರು ಏಡ್ರಿಯನ್ ವರ್ಮ್ಯೂಲ್ ಎಂಬ ನ್ಯಾಯಶಾಸ್ತ್ರಜ್ಞರು. ಅವರ ಲೇಖನವು ೧೯೯೮ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕಾನೂನು ಪತ್ರಿಕೆಯಲ್ಲಿ ಬಂದಿತು. ದೇಶದ ಅತ್ಯುಚ್ಚ ನ್ಯಾಯಾಲಯವೇ ಇಂಥ ಕಡೆಯಲ್ಲಿ ಎಡವಿರುವಾಗ, ಈ ಕಾಗದದ ಕಾಡಿನಲ್ಲಿ ನ್ಯಾಯಾಧೀಶರು ದಾರಿ ಕಾಣಲಾರರು, ಆದುದರಿಂದ ಒಳಹೊಗದಿರುವುದೇ ಮೇಲು ಎಂಬುದು ಅವರ ನಿರ್ಣಯ. ಎರಡು ವರ್ಷ ಕಳೆದು, ೨೦೦೦ದಲ್ಲಿ, ಕ್ಯಾರಲ್ ಚಾಮ್ಸ್ಕಿ ಎಂಬ ವಿದುಷಿಯು ಕೊಲಂಬಿಯಾ ವಿಶ್ವವಿದ್ಯಾನಿಲಯದ ಕಾನೂನು ಪತ್ರಿಕೆಯಲ್ಲಿ ಬೇರೊಂದು ಬಗೆಯಾಗಿ ಬರೆದರು. ಅವರು ಕಾಂಗ್ರೆಸ್ಸಿನ ಕಾಗದಗಳಷ್ಟರಿಂದಲೇ ತೃಪ್ತರಾಗದೆ ಆ ಕಾಲದ ಕಾರ್ಮಿಕರ ಚಳವಳಿಯನ್ನೂ ಜನರ ಮಾತನ್ನೂ ಪರಿಶೀಲಿಸಿದರು. ಮೊದಲಿನಿಂದ ಕೊನೆಯವರೆಗೂ ಶಾಸನದ ಗುರಿಯಾಗಿದ್ದದ್ದು ಅಗ್ಗದ ಕೂಲಿಯವರ ಆಮದೇ. ಆದುದರಿಂದ ಬ್ರೂಯರನು ಮುಟ್ಟಿದ ನಿರ್ಣಯವನ್ನು ಇಡಿಯ ಚರಿತ್ರೆಯು ಬೆಂಬಲಿಸುತ್ತದೆಂದು ಅವರ ಮತ.

ಒಂದೇ ರಾಶಿಯನ್ನು ಶೋಧಿಸಿದ ಇಬ್ಬರು ವಿದ್ವಾಂಸರು ಎರಡು ಕಡೆಗೆ ಹೊರಳಿದರೆಂದು ವಾಚಕರು ಬೇಸರಪಡಬಾರದು. ಅವರಿಬ್ಬರಲ್ಲಿಯೂ ಒಂದು ಸಾಮಾನ್ಯ ಗುಣವುಂಟು: ಇಬ್ಬರೂ ಮುಂದಿನ ಸಂಪುಟವನ್ನು ತೆರೆದು ನೋಡಿದರು. ಅವರ ಭೇದವು ಅರ್ಥದ ವಿಷಯದಲ್ಲಿ. ಬ್ರೂಯರನ ಕೊರತೆಯು ಅದಕ್ಕೂ ಮೊದಲಿನದು. ತನಗೆ ಬೇಕಾದ ಮಾತು ದೊರೆತ ಪುಟದಲ್ಲಿ ಅವನು ನಿಂತುಬಿಟ್ಟನು.

೫

ಇದು ಪಂಡಿತರ ಚರ್ಚೆ ಮಾತ್ರವೆ? ಹಾಗೆಂದು ನಮಗೆ ತೋರುವುದಿಲ್ಲ. ೧೮೯೬ರಲ್ಲಿ ಇದೇ ಶಾಸನದ ಕೆಳಗೆ ಇನ್ನೊಂದು ಮೊಕದ್ದಮೆ ಬಂದಿತು. ಲೂಸಿಯಾನಾದ ಸಕ್ಕರೆಯ ತೋಟವೊಂದರ ಕೆಲಸಕ್ಕೆ ಹೊರದೇಶದ ರಸಾಯನಶಾಸ್ತ್ರಜ್ಞನೊಬ್ಬನನ್ನು ಕರಾರಿನ ಮೇಲೆ ತರಿಸಿದ್ದರು. ಅವನು ಕೂಲಿಯಲ್ಲ, ಅವನದು ವಿದ್ಯಾವಂತರ ವೃತ್ತಿ ಎಂದು ಸುಪ್ರೀಂ ಕೋರ್ಟು ಅವನನ್ನೂ ಒಳಗೆ ಬಿಟ್ಟಿತು. ಪಾದ್ರಿಯ ಪಾಲಿಗೆ ಶಾಸನದ ಅಕ್ಷರವನ್ನು ಬದಿಗಿಟ್ಟು ಆಶಯವನ್ನು ಹುಡುಕಿದರು. ರಸಾಯನಜ್ಞನ ಪಾಲಿಗೂ ಆ ಆಶಯವು ಒದಗಿತು. ಗುದ್ದಲಿ ಹಿಡಿಯುವವನ ಪಾಲಿಗೆ ಮಾತ್ರ ಅಕ್ಷರವೂ ಆಶಯವೂ ಒಂದೇ ಆಗಿ ಬಾಗಿಲು ಮುಚ್ಚಿಯೇ ಇದ್ದಿತು. ಕರಾರಿನ ಕೂಲಿಯವರ ಮೇಲಣ ಈ ನಿಷೇಧವು ೧೯೫೨ರ ವಲಸೆಯ ಶಾಸನ ಬರುವವರೆಗೂ ಒಂದಲ್ಲ ಒಂದು ರೂಪದಲ್ಲಿ ನಿಂತಿದ್ದಿತು. ಸೇರದೆ ಹೋದ ಒಂದು ಶಬ್ದವನ್ನು ಸೇರಿದಂತೆ ಓದಬೇಕೇ ಬೇಡವೇ ಎಂಬುದರ ಮೇಲೆ ಯಾರು ದೇಶದೊಳಗೆ ಬರಬಹುದು, ಯಾರು ಬರಕೂಡದು ಎಂಬುದು ನಿಂತಿದ್ದಾಗ, ಆ ಶಬ್ದದ ಚರಿತ್ರೆಯನ್ನು ಕೊನೆಯ ಪುಟದವರೆಗೆ ಓದಬೇಕಾದುದು ನ್ಯಾಯದ ಕೆಲಸವೇ ಆಗುತ್ತದೆ.

ಅಮೆರಿಕದ ನ್ಯಾಯಾಧೀಶರಲ್ಲಿ ಈ ವಿಷಯದಲ್ಲಿ ಎರಡು ಪಕ್ಷಗಳು ಬೆಳೆದುವು. ೧೯೮೬ರಿಂದ ೨೦೧೬ರವರೆಗೆ ಸುಪ್ರೀಂ ಕೋರ್ಟಿನಲ್ಲಿದ್ದ ಆಂಟೊನಿನ್ ಸ್ಕಲೀಯ ಅವರು ಜನರನ್ನು ಕಟ್ಟತಕ್ಕದ್ದು ಅಂಗೀಕೃತವಾದ ಪಾಠವೇ ಹೊರತು ಸಮಿತಿಯವರ ಮನೋಗತವಲ್ಲವೆಂದು ವಾದಿಸಿದರು. ಹೋಲಿ ಟ್ರಿನಿಟಿಯ ತೀರ್ಪನ್ನು ೧೯೯೭ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕಟುವಾಗಿ ಖಂಡಿಸಿದರು. ಅದೇ ಪೀಠದ ಸ್ಟೀಫನ್ ಬ್ರೇಯರ್ ಅವರು ಶಾಸನವು ಒಂದು ಉದ್ದೇಶಕ್ಕಾಗಿ ಹುಟ್ಟುವುದಾದುದರಿಂದ ಅದರ ಜನ್ಮವೃತ್ತಾಂತವನ್ನು ನೋಡದಿರುವುದು ಕಣ್ಣುಮುಚ್ಚಿ ನಡೆದಂತೆಂದರು. ಈ ಕಾಗದಗಳಲ್ಲಿ ಸಾಕ್ಷ್ಯ ಹುಡುಕುವುದು ಸಂತೋಷಕೂಟದಲ್ಲಿ ನೆರೆದ ಜನರ ನಡುವೆ ತನ್ನ ಸ್ನೇಹಿತರನ್ನಷ್ಟೇ ಗುರುತಿಸಿದಂತೆ ಎಂದು ನ್ಯಾಯಾಧೀಶ ಹೆರಾಲ್ಡ್ ಲೆವೆಂತಾಲರು ಹಾಸ್ಯಮಾಡಿದ್ದರಂತೆ. ಹಾಸ್ಯವಾದರೂ ಬ್ರೂಯರನ ವಿಷಯದಲ್ಲಿ ಅದು ದಿಟವೇ ಆಯಿತು. ೧೯೫೧ರಲ್ಲಿ ನ್ಯಾಯಮೂರ್ತಿ ರಾಬರ್ಟ್ ಜ್ಯಾಕ್ಸನ್ನರು ಇನ್ನೊಂದು ದೂರನ್ನು ಹೇಳಿದ್ದರು: ಈ ಸಂಪುಟಗಳು ರಾಜಧಾನಿಯಲ್ಲಿರುವವರಿಗೆ ದಕ್ಕುವುವೇ ಹೊರತು ದೂರದ ಊರುಗಳ ವಕೀಲರಿಗೆ ದಕ್ಕುವುದಿಲ್ಲ. ಆ ದೂರು ಇಂದು ಬಹುಮಟ್ಟಿಗೆ ತೀರಿದೆ. ಕಾಂಗ್ರೆಸ್ಸಿನ ಕಾಗದಗಳನ್ನು ಗಣಕಯಂತ್ರದ ಮೂಲಕ ಎಲ್ಲರಿಗೂ ಒದಗಿಸುವ ಏರ್ಪಾಡು ೧೯೯೫ರಲ್ಲಿ ಆರಂಭವಾಯಿತು. ಹಳೆಯ ಸಂಪುಟಗಳು ಕೂಡ ಈಗ ಮನೆಯಲ್ಲೇ ಕುಳಿತು ಓದಬಹುದಾಗಿವೆ.

ಸೇರದೆ ಹೋದ ಶಬ್ದದಂತೆಯೇ ತೆಗೆದುಹಾಕಿದ ಶಬ್ದವೂ ಸಾಕ್ಷಿ ನುಡಿಯಬಲ್ಲದು. ಇದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. ಅದರಲ್ಲಿ ಅಮೆರಿಕದ ಪಾತ್ರವೂ ಉಂಟು. ನಮ್ಮ ಸಂವಿಧಾನದ ೨೧ನೆಯ ವಿಧಿಯಲ್ಲಿ ಮೊದಲು ಅಮೆರಿಕದಿಂದ ಬಂದ ಡ್ಯೂ ಪ್ರಾಸೆಸ್, ಎಂದರೆ ನ್ಯಾಯೋಚಿತ ಕ್ರಮ, ಎಂಬ ಮಾತನ್ನಿಡಬೇಕೆಂದಿದ್ದರು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು. ಅವರು ೧೯೪೭ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿಯ ನ್ಯಾಯಮೂರ್ತಿ ಫೆಲಿಕ್ಸ್ ಫ್ರ್ಯಾಂಕ್‌ಫರ್ಟರರೊಡನೆ ಈ ವಿಷಯವನ್ನು ಚರ್ಚಿಸಿದರು. ಆ ಮಾತಿನಿಂದ ನ್ಯಾಯಾಲಯಕ್ಕೆ ಅತಿಯಾದ ಹೊರೆ ಬೀಳುವುದೆಂದು ಫ್ರ್ಯಾಂಕ್‌ಫರ್ಟರರು ಎಚ್ಚರಿಸಿದರು. ಮುಂದಿನ ಕರಡಿನಲ್ಲಿ ಆ ಮಾತು ಹೋಗಿ, ಕಾನೂನಿನಿಂದ ಸ್ಥಾಪಿತವಾದ ಕ್ರಮ ಎಂಬ ಅರ್ಥದ ಮಾತು ಬಂದಿತು. ೧೯೫೦ರಲ್ಲಿ ಎ. ಕೆ. ಗೋಪಾಲನ್ನರ ಮೊಕದ್ದಮೆ ಬಂದಾಗ ಮುಖ್ಯ ನ್ಯಾಯಮೂರ್ತಿ ಕನಿಯಾ ಅವರು, ಒಬ್ಬೊಬ್ಬ ಸದಸ್ಯನ ಅಭಿಪ್ರಾಯದಿಂದ ಅರ್ಥವನ್ನು ಕಟ್ಟಬಾರದು, ಆದರೆ ಒಂದು ಮಾತು ಸಭೆಯ ಪರಿಶೀಲನೆಗೆ ಬಂದಿತ್ತೇ ಇಲ್ಲವೇ ಎಂದು ತಿಳಿಯಲು ನಡಾವಳಿಯನ್ನು ನೋಡಬಹುದು ಎಂದರು. ಬಹು ತೂಕದ ಮ��ತಿದು. ಹಾಗಿದ್ದರೂ ೧೯೭೮ರ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು, ಆ ಕ್ರಮವು ನ್ಯಾಯವೂ ಯುಕ್ತವೂ ಆಗಿರತಕ್ಕದ್ದೆಂದು ಹೇಳಿ, ತೆಗೆದುಹಾಕಿದ ಮಾತಿನ ಸಾರವನ್ನು ಬಹುಮಟ್ಟಿಗೆ ಮರಳಿ ತಂದಿತು. ಪೂರ್ವಚರಿತ್ರೆಯು ಸಾಕ್ಷಿ, ಅದು ಧಣಿಯಲ್ಲ. ಆದರೆ ಸಾಕ್ಷಿಯನ್ನು ಕರೆದಮೇಲೆ ಅವನ ಮಾತನ್ನು ಪೂರ್ತಿಯಾಗಿ ಕೇಳಬೇಕು.

ಮೊದಲು ಹೇಳಿದ ಕಲ್ಲಿನ ಶಾಸನಕ್ಕೆ ಹಿಂದಿರುಗಿ ಮುಗಿಸುತ್ತೇವೆ. ಹೊಲದಲ್ಲಿ ನಿಂತ ಕಲ್ಲಿನ ಎದುರು ಮುಖದಲ್ಲಿ ದಾನದ ವಿವರವಿರುತ್ತದೆ. ಓದುವವನಿಗೆ ಅದು ಪೂರ್ಣವಾಗಿಯೇ ತೋರುತ್ತದೆ. ಆದರೆ ಅನುಭವಸ್ಥನಾದ ಶಾಸನಜ್ಞನು ಅಷ್ಟಕ್ಕೇ ಕಾಗದವನ್ನು ಮಡಿಸುವುದಿಲ್ಲ. ಕಲ್ಲನ್ನು ಒಂದು ಸುತ್ತು ಬರುತ್ತಾನೆ. ಹಿಂಬದಿಯ ಪಾಚಿಯನ್ನು ಕೆರೆದು, ಬುಡದ ಮಣ್ಣನ್ನು ಸರಿಸಿ ನೋಡುತ್ತಾನೆ. ಎಲ್ಲೆಕಟ್ಟಿನ ಸಾಲೋ ಮುಂದಿನ ಅರಸನು ಸೇರಿಸಿದ ಷರತ್ತೋ ಅಲ್ಲಿರಬಹುದು. ಬ್ರೂಯರನು ಎದುರು ಮುಖವನ್ನು ಸರಿಯಾಗಿಯೇ ಓದಿದನು.